ಕೊಲೆಗಾರ ಸಿಗದ ಕಾದಂಬರಿ: ಆನೈಮಲೈ ಓದುಗರ ತೀರ್ಪು

ಪತ್ತೇದಾರಿ ಕಾದಂಬರಿ ಅಂದಮೇಲೆ ಕೊನೇ ಪುಟದೊಳಗೆ ಕೊಲೆಗಾರ ಸಿಕ್ಕಿಬೀಳಬೇಕು. ಓದುಗನಿಗೂ ಬರೆದವನಿಗೂ ನಡುವೆ ಇರುವ ಒಪ್ಪಂದ ಅದು. ಕೊಬ್ಬರಿ ತೂಗಿಸಿದ ರೈತ ಪಟ್ಟಿ ಕೈಗೆ ಬರುವವರೆಗೂ ಮಂಡಿ ಬಿಟ್ಟು ಕದಲುವುದಿಲ್ಲ. ಹಾಗೆಯೇ ಓದುಗನೂ ಕೊಲೆಗಾರನ ಹೆಸರು ಗೊತ್ತಾಗುವವರೆಗೆ ಪುಸ್ತಕ ಕೆಳಗಿಡುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಈ ಒಪ್ಪಂದವನ್ನೇ ಮುರಿಯುತ್ತದೆ. ಅದರಲ್ಲಿ ಒಂದು ಅನುಮಾನಾಸ್ಪದ ಸಾವು ಇದೆ, ತನಿಖೆಗೆ ಬಂದ ಅಧಿಕಾರಿ ಇದ್ದಾನೆ, ಸಂಶಯ ಪಡಲು ಊರು ತುಂಬ ಜನ ಇದ್ದಾರೆ. ಆದರೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ 'ಇವನೇ ಕೊಲೆಗಾರ' ಎಂದು ಬೆರಳು ತೋರಿಸುವ ಅಧ್ಯಾಯ ಮಾತ್ರ ಇಲ್ಲ.

1985ರಲ್ಲಿ ಪ್ರಕಟವಾಗಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯ ಬಗ್ಗೆ ವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ವಿಮರ್ಶೆ ಅಲ್ಲ. ಮಲೆನಾಡಿನ ಏಲಕ್ಕಿ ಊರಿನ ಈ ಕಥೆ ಘಟ್ಟದ ಇನ್ನೊಂದು ತುದಿಯಲ್ಲಿರುವ ನಮ್ಮ ಆನೈಮಲೈ ಸೀಮೆಯ ರೈತರು, ವ್ಯಾಪಾರಿಗಳ ಕೈಗೆ ಬಂದಾಗ ಅವರು ಏನಂದರು ಎಂಬುದಷ್ಟೇ ನನ್ನ ವಿಷಯ. ನಕ್ಕವರುಂಟು, ಸಿಟ್ಟಾದವರುಂಟು. ನಕ್ಕು ಮುಗಿಸಿದ ಮೇಲೆ ಸುಮ್ಮನಾಗಿಬಿಟ್ಟವರೂ ಉಂಟು.

ಆಡುವುದು ಒಂದು, ಓದುವುದು ಇನ್ನೊಂದು

ನಮ್ಮ ಕಡೆಯ ಓದುಗರು ಯಾರು ಅಂತ ಮೊದಲು ಹೇಳಿಬಿಡುವುದು ಒಳ್ಳೆಯದು. ಪೊಳ್ಳಾಚಿ, ಆನೈಮಲೈ, ಉಡುಮಲೈಪೇಟೆ ಸುತ್ತಮುತ್ತ ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗರು, ಅನುಪ್ಪರು ಇದ್ದಾರೆ. ದೇವಾಂಗರಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ತೆಲುಗು. ಕಮ್ಮ ನಾಯ್ಡುಗಳ ಮನೆಮಾತು ತೆಲುಗು. ಶಾಲೆ ಎಲ್ಲರಿಗೂ ತಮಿಳು. ಹಾಗಾಗಿ ಕನ್ನಡದಲ್ಲಿ ಜಗಳ ಆಡಬಲ್ಲ, ಮಗುವನ್ನು ಮಲಗಿಸಬಲ್ಲ, ಸಾವಿಗೆ ಅಳಬಲ್ಲ ಎಷ್ಟೋ ಜನಕ್ಕೆ ಕನ್ನಡದ ಅಕ್ಷರ ಬರೋದಿಲ್ಲ. ತೆಲುಗಿನವರ ಪಾಡೂ ಇದೇ.

ಇಂಥ ಕಡೆ ಪುಸ್ತಕ ಓದುವುದು ಅಂದರೆ ಒಬ್ಬ ಓದಿ ಹತ್ತು ಜನ ಕೇಳುವುದು. ಎರಡೂ ಅಕ್ಷರ ಬಲ್ಲವನು ಅಂತ ಆ ಕೆಲಸ ನನ್ನ ಮೇಲೆ ಬಿತ್ತು. ಕಾಯಿ ಸುಲಿಯುವ ಕಣದಲ್ಲಿ, ಸಂಜೆ ಕೆಲಸ ಇಳಿದ ಮೇಲೆ ಕನ್ನಡದಲ್ಲಿ ಓದೋದು, ನಾಯ್ಡುಗಾರು ಹುಬ್ಬು ಗಂಟಿಕ್ಕಿದರೆ ತೆಲುಗಿನಲ್ಲಿ ಹೇಳೋದು, ಮಂಡಿಯವರು ಬಂದರೆ ತಮಿಳಿಗೆ ತಿರುಗಿಸೋದು. ಕವಿತೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗ ಬೆವರುವ ನನಗೆ ಇದು ಅಷ್ಟೇನೂ ಕಷ್ಟವಾಗಲಿಲ್ಲ. ಪದ ಸಿಗದೇ ಹೋದರೂ ನಗು ತಾನಾಗಿ ಆಚೆ ದಡ ಸೇರುತ್ತಿತ್ತು.

ಉದಾಹರಣೆಗೆ ತನಿಖಾಧಿಕಾರಿಯ ಹೆಸರೇ ನೋಡಿ. ಕೆಸರೂರು ಎಂಬ ಊರಿಗೆ ಏಲಕ್ಕಿ ಬೆಳೆ ಯಾಕೆ ಬಿದ್ದುಹೋಗುತ್ತಿದೆ, ಏಲಕ್ಕಿ ಸಂಶೋಧಕ ಜೋಗಿಹಾಳ ಯಾಕೆ ಸತ್ತ ಎಂದು ಪತ್ತೆ ಮಾಡಲು ಬರುವ ಗುಪ್ತಚರ ಇಲಾಖೆಯವನ ಹೆಸರು ಅಂಗಡಿ. ಉತ್ತರ ಕರ್ನಾಟಕದಲ್ಲಿ ಅದು ಮನೆತನದ ಹೆಸರು, ಅಲ್ಲಿ ಯಾರೂ ನಗುವುದಿಲ್ಲ. ಇಲ್ಲಿ ಕನ್ನಡದವನಿಗೂ ತೆಲುಗಿನವನಿಗೂ ಅಂಗಡಿ ಅಂದರೆ ಅಂಗಡಿಯೇ, ತಮಿಳಿನವನಿಗೆ ಅಂಗಾಡಿ ಅಂದರೆ ಪೇಟೆ. 'ಪೊಲೀಸಿನವನಿಗೆ ಅಂಗಡಿ ಅಂತಲೇ ಹೆಸರಿಟ್ಟಿದ್ದಾರಾ' ಅಂತ ಮೊದಲ ದಿನವೇ ಕಣದಲ್ಲಿ ನಗು. ಬರೆದವರು ಆ ಅರ್ಥದಲ್ಲಿ ಇಟ್ಟರೋ ಇಲ್ಲವೋ, ನಮ್ಮವರು ಮಾತ್ರ ಆ ಅರ್ಥದಲ್ಲೇ ತಗೊಂಡರು.

ನರಸಿಂಹಯ್ಯನವರಿಂದ ರಾಜೇಶ್‌ಕುಮಾರ್‌ವರೆಗೆ

ನಮ್ಮ ಓದುಗರು ಪತ್ತೇದಾರಿ ಕಥೆಗೆ ಹೊಸಬರೇನಲ್ಲ. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಪತ್ತೇದಾರರನ್ನು ಮನೆಮನೆಗೆ ತಂದರು. ಅಕ್ಷರ ಕೂಡಿಸಿ ಓದುವ ಅಭ್ಯಾಸವನ್ನೇ ಎಷ್ಟೋ ಜನ ಅವರ ಪುಸ್ತಕದಿಂದ ಕಲಿತರು. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್ ಇದ್ದ. ತಮಿಳಿನ ರಾಜೇಶ್‌ಕುಮಾರ್ ನಮ್ಮ ಕೊಯಮತ್ತೂರಿನವರೇ. ಸಾವಿರಕ್ಕೂ ಮೀರಿ ಕಾದಂಬರಿ ಬರೆದವರು. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಅವರ ಪಾಕೆಟ್ ಕಾದಂಬರಿ ಬಾಳೆಹಣ್ಣಿನ ಪಕ್ಕದಲ್ಲೇ ನೇತಾಡುತ್ತಿದ್ದ ಕಾಲ ನಮಗೆಲ್ಲ ನೆನಪಿದೆ. ಪೊಳ್ಳಾಚಿಯಲ್ಲಿ ಕೊಂಡರೆ ಊರು ಸೇರುವಷ್ಟರಲ್ಲಿ ಕೊಲೆಗಾರ ಸಿಗಬೇಕು, ಇಲ್ಲವಾದರೆ ದುಡ್ಡು ದಂಡ!

ಈ ಅಭ್ಯಾಸದಲ್ಲಿ ಬೆಳೆದವರಿಗೆ 'ಚಿದಂಬರ ರಹಸ್ಯ' ಮೊದಲು ಮೋಸ ಅನ್ನಿಸಿತು. ಕಥೆ ಶುರುವಾಗುವಾಗ ಎಲ್ಲ ಸರಂಜಾಮೂ ಇದೆ. ದೊಡ್ಡ ಜಮೀನ್ದಾರ ಕೃಷ್ಣೇಗೌಡರ ಹೆಂಚಿನ ಮನೆಯ ಮೇಲೆ ರಾತ್ರಿ ಕಲ್ಲು ಬೀಳುತ್ತವೆ. ಎಸೆಯುವವರು ಯಾರೋ ಕಾಣಿಸೋದಿಲ್ಲ. ಸುಲೇಮಾನ್ ಬ್ಯಾರಿಯ ವ್ಯವಹಾರದ ಮೇಲೆ ಊರಿಗೆಲ್ಲ ಸಂಶಯ. ಕ್ರಾಂತಿ ಮಾಡುತ್ತೇವೆ ಅಂತ ಹೊರಟ ಕಾಲೇಜು ಹುಡುಗರಿದ್ದಾರೆ. ರಫಿ, ಜಯಂತಿ ಎಂಬ ಇಬ್ಬರು ಮಕ್ಕಳ ಪ್ರೀತಿ ಇದೆ. ಇವರೆಲ್ಲರ ನಡುವೆ ಅಂಗಡಿ ವಿಚಾರಣೆ ಮಾಡುತ್ತ ತಿರುಗುತ್ತಾನೆ. ಅವನು ಒಂದು ಎಳೆ ಹಿಡಿದರೆ ಅದು ಹತ್ತು ಎಳೆ ಆಗುತ್ತದೆ. ಕೊನೆಗೆ ಊರನ್ನು ಸುತ್ತುಗಟ್ಟಿದ ಲಂಟಾನದ ಪೊದೆಗೆ ಬೆಂಕಿ ಹತ್ತಿಕೊಂಡು, ವಿಚಾರಣೆಯೂ ವಿಚಾರಣೆಗೊಳಪಟ್ಟ ಊರೂ ಒಟ್ಟಿಗೆ ಹೊಗೆಯಲ್ಲಿ ಮುಳುಗುತ್ತವೆ.

'ಅಲ್ಲಾ ಮಾಮಾ, ಹಾಗಾದ್ರೆ ಕೊಂದೋರು ಯಾರು?' ಅಂತ ಕಾಲೇಜು ಓದುವ ಹುಡುಗನೊಬ್ಬ ಕೇಳಿದ. ಆ ಪ್ರಶ್ನೆಗೆ ಕಣದಲ್ಲಿ ಕೂತವರು ಒಬ್ಬೊಬ್ಬರೂ ಒಂದೊಂದು ಉತ್ತರ ಕೊಟ್ಟರು. ಆ ಉತ್ತರಗಳೇ ಈ ಲೇಖನದ ಜೀವಾಳ.

ರೈತರು ಹಿಡಿದ ಅಪರಾಧಿ

ರೈತರಿಗೆ ಜೋಗಿಹಾಳನ ಸಾವಿಗಿಂತ ಏಲಕ್ಕಿಯ ಸಾವೇ ದೊಡ್ಡದಾಗಿ ಕಂಡಿತು. ಇದು ಸಹಜ. ಆಳಿಯಾರಿನಿಂದ ನಲವತ್ತು ತಿರುವು ಹತ್ತಿ ವಾಲ್ಪಾರೈ ಕಡೆ ಹೋದರೆ ಈಗ ಎತ್ತ ನೋಡಿದರೂ ಚಹಾ ತೋಟ. ಆದರೂ ಈ ಬೆಟ್ಟಸಾಲಿಗೆ ಏಲಕ್ಕಿ ಹೊಸದಲ್ಲ. ಬೋಡಿನಾಯಕನೂರು, ವಂಡನ್ಮೇಡಿನ ಏಲಕ್ಕಿ ವ್ಯಾಪಾರದ ಸುದ್ದಿ ನಮ್ಮ ವ್ಯಾಪಾರಿಗಳ ಕಿವಿಗೆ ಬೀಳುತ್ತಲೇ ಇರುತ್ತದೆ. ತಮಾಷೆ ಏನೆಂದರೆ, ಕರ್ನಾಟಕದಲ್ಲಿ ಹೆಚ್ಚಾಗಿ ಬೆಳೆಯುವ ಏಲಕ್ಕಿ ತಳಿಯ ಹೆಸರು 'ಮಲಬಾರ್'. 'ಮೈಸೂರು' ಎಂಬ ತಳಿ ಹೆಚ್ಚಾಗಿ ಬೆಳೆದದ್ದು ಕೇರಳ, ತಮಿಳುನಾಡಿನ ಬೆಟ್ಟಗಳಲ್ಲಿ! ಭಾಷೆ ನೋಡಿ ಜನರನ್ನು ಹಂಚುವವರು ಈ ಗಿಡಗಳನ್ನು ನೋಡಿ ಕಲಿಯುವುದಿದೆ.

ಬೆಳೆ ಕುಸಿಯಲು ಕಾರಣ ಹುಡುಕಲು ಸರಕಾರ ಗುಪ್ತಚರ ಅಧಿಕಾರಿಯನ್ನು ಕಳಿಸುತ್ತದೆ ಎಂಬುದೇ ಈ ಪುಸ್ತಕದ ಮೊದಲ ನಗು. ನಮ್ಮ ರೈತರು ಅದನ್ನು ಚೆನ್ನಾಗಿ ಸವಿದರು. ಏಲಕ್ಕಿಗೆ 'ಕಟ್ಟೆ ರೋಗ' ಬರುತ್ತದೆ. ಒಂದು ಜಾತಿಯ ಸಣ್ಣ ಹೇನು ಗಿಡದಿಂದ ಗಿಡಕ್ಕೆ ನಂಜು ಒಯ್ಯುತ್ತದೆ. ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ನಾಶ ಮಾಡಬೇಕು. ಕನ್ನಡದ ಈ ಪದವನ್ನೇ ವಿಜ್ಞಾನಿಗಳೂ ಇಂಗ್ಲಿಷಿನಲ್ಲಿ ಇಟ್ಟುಕೊಂಡಿದ್ದಾರೆ. ಇದನ್ನು ವಿವರಿಸುವಾಗ ನಾಯ್ಡುಗಾರೊಬ್ಬರು ನಡುವೆ ಬಾಯಿ ಹಾಕಿದರು. ತೆಲುಗಿನಲ್ಲಿ ಕಟ್ಟೆ ಅಂದರೆ ಸೌದೆ. 'ಹಾಗಾದ್ರೆ ಇದು ಸೌದೆ ಆಗೋ ರೋಗ ಅನ್ನಿ, ಅದಕ್ಕೇ ಕೊನೆಗೆ ಬೆಂಕಿ' ಅಂದರು. ಪುಸ್ತಕದಲ್ಲಿ ಇಲ್ಲದ ಒಂದು ಅರ್ಥವನ್ನು ಎರಡು ಭಾಷೆ ಸೇರಿ ಕೊಟ್ಟಿತು ಅಂತ ನನಗೆ ಬಹಳ ಸಂತೋಷವಾಯಿತು.

ರೋಗ ಒಂದೇ ಅಲ್ಲ. 1980ರ ದಶಕದಲ್ಲಿ ಗ್ವಾಟೆಮಾಲಾ ದೇಶ ಏಲಕ್ಕಿ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ಕಾಡು ಕಡಿದರೆ ಏಲಕ್ಕಿಗೆ ಬೇಕಾದ ನೆರಳು, ತೇವ ಹೋಗುತ್ತದೆ. ಹೀಗೆ ಹೇನು, ಹೊರದೇಶ, ಕೊಡಲಿ ಎಲ್ಲವೂ ಸೇರಿ ಮಾಡಿದ ಕೊಲೆಗೆ ಯಾರಿಗೆ ಬೇಡಿ ಹಾಕೋದು? ಕೆಸರೂರಿನ ಅಂಗಡಿಯ ಕಷ್ಟ ಇದೇ.

ನಮ್ಮ ತೆಂಗಿನ ಕಥೆಯೂ ಬೇರೆಯಲ್ಲ. 2016ರಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆ ಇಡುವ ಬಿಳಿನೊಣ ಭಾರತದಲ್ಲಿ ಮೊದಲು ಕಂಡುಬಂದ ಜಾಗಗಳಲ್ಲಿ ನಮ್ಮ ಪೊಳ್ಳಾಚಿ ಒಂದು. ಗರಿಯ ಕೆಳಗೆ ಹಿಟ್ಟು ಉದುರಿಸಿದ ಹಾಗೆ ನೊಣ, ಮೇಲೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಬೂಷ್ಟು. ಅದರ ಹಿಂದೆಯೇ ನಮ್ಮವರು 'ಕೇರಳ ವಾಡಲ್' ಅಂತ ಕರೆಯುವ ಬೇರು ಸೊರಗು ರೋಗ ಹಬ್ಬಿ, ಮಗನ ಹಾಗೆ ಸಾಕಿದ ಮರಗಳನ್ನು ಕಡಿಯುವ ಕಾಲ ಬಂತು. ಒಬ್ಬ ರೈತ ಹೇಳಿದ್ದು ಇಷ್ಟು: 'ನಮ್ಮ ತೋಟಕ್ಕೂ ಒಬ್ಬ ಅಂಗಡಿ ಬರಲಿ ಗೌಡ್ರೇ. ನೊಣದ ಹೇಳಿಕೆ ತಗೊಂಡು, ಮರದ ಪಂಚನಾಮೆ ಮಾಡಿ, ಕೊನೆಗೆ ನನ್ನನ್ನೇ ಠಾಣೆಗೆ ಬಾ ಅಂತಾನೆ.' ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮರ ಕಡಿಸಿದ ದಿನ ಅದೇ ಮನುಷ್ಯ ಎರಡು ಹೊತ್ತು ಊಟ ಬಿಟ್ಟಿದ್ದ ಅಂತ ನಕ್ಕವರಿಗೂ ಗೊತ್ತಿತ್ತು. ತೇಜಸ್ವಿಯವರ ಕಪ್ಪು ಹಾಸ್ಯ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ವ್ಯಾಪಾರಿಗಳ ತಕರಾರು

ವ್ಯಾಪಾರಿಗಳಿಗೆ ಪುಸ್ತಕದ ಮೇಲೆ ಸಿಟ್ಟು ಬಂತು. ಸಾಹಿತಿಗಳು ಬರೆದರೆ ವ್ಯಾಪಾರಿ ಯಾವಾಗಲೂ ಕಳ್ಳನೇ ಆಗಬೇಕಾ ಅಂತ ಕೊಬ್ಬರಿ ಮಂಡಿಯವರೊಬ್ಬರು ಕೇಳಿದರು. ಅವರ ವಾದದಲ್ಲಿ ಸತ್ವ ಇಲ್ಲದಿಲ್ಲ. ಆನೈಮಲೈ ನಿಯಂತ್ರಿತ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಾಗುವಾಗ ಅವರು ನೋಡುವ ಕಳ್ಳತನವೇ ಬೇರೆ. ಮೂಟೆಯ ಮೇಲೆ ಬಿಳೀ ಕೊಬ್ಬರಿ, ಅಡಿಯಲ್ಲಿ ಬೂಷ್ಟು ಹಿಡಿದದ್ದು. ತೂಕ ಬರಲಿ ಅಂತ ಅರ್ಧ ಒಣಗಿಸಿದ್ದು. ಬೆಳ್ಳಗೆ ಕಾಣಲಿ ಅಂತ ಗಂಧಕದ ಹೊಗೆ ಹಾಕಿದ್ದು.

ಇದಕ್ಕೆ ರೈತರು ಸುಮ್ಮನಿರುತ್ತಾರಾ? ಒಂದು ಮಂಡಿಯಲ್ಲಿ ತಕ್ಕಡಿ ತಮ್ಮ ಕಡೆ ಯಾವತ್ತೂ ಬಾಗಿದ್ದಿಲ್ಲ ಅಂತ ಇವರು. ಮುಂಗಡ ತಗೊಂಡು ಕಾಯಿಯನ್ನು ಬೇರೆಯವರಿಗೆ ಇಳಿಸಿದ ರೈತನ ಕಥೆ ಅವರಿಂದ. ಅರ್ಧ ಗಂಟೆ ಕಣ ಸಂತೆಯಾಯಿತು. ಯಾರ ಹೆಸರೂ ಬರಲಿಲ್ಲ, ಎಲ್ಲರಿಗೂ ಎಲ್ಲ ಗೊತ್ತಿತ್ತು.

ಆಮೇಲೆ ಮಾತು ನೀರಿಗೆ ಹೋಯಿತು. ಪರಂಬಿಕುಳಂ–ಆಳಿಯಾರ್ ಯೋಜನೆ ಶುರುವಾದದ್ದು 1958ರಲ್ಲಿ. ಆ ನೀರನ್ನು ನಾಲ್ಕು ಮಂಡಲವಾಗಿ ಹಂಚಿ ಸರದಿಯಂತೆ ಬಿಡುತ್ತಾರೆ. ಕಾಂಗೇಯಂ, ವೆಳ್ಳಕೋವಿಲ್‌ನಂಥ ಕೊನೇ ಭಾಗದ ರೈತರು ನಮಗೆ ಪಾಲು ಮುಟ್ಟುತ್ತಿಲ್ಲ, ದಾರಿಯಲ್ಲೇ ಕಳವಾಗುತ್ತಿದೆ ಅಂತ ವರ್ಷಗಳಿಂದ ಕೂಗುತ್ತಿದ್ದಾರೆ. ರಾತ್ರಿ ಹೊತ್ತು ಕಾಲುವೆಗೆ ಪೈಪು ಇಳಿಸುವವರು ಯಾರು? ಕೇಳಿದರೆ ಯಾರೂ ಅಲ್ಲ. ಕೃಷ್ಣೇಗೌಡರ ಹೆಂಚಿನ ಮೇಲೆ ಬಿದ್ದ ಕಲ್ಲಿಗೆ ಕೈ ಇಲ್ಲದ ಹಾಗೆ, ನಮ್ಮ ಕಾಲುವೆಯ ಪೈಪಿಗೂ ಕೈ ಇಲ್ಲ. ಈ ಹೋಲಿಕೆಯನ್ನು ಹೇಳಿದವರು ಕಣದ ಒಡೆಯರ ತಮ್ಮ. ಹೇಳಿ ಮುಗಿಸಿದ ಮೇಲೆ ತಮ್ಮ ಪಕ್ಕದವರ ಮುಖ ನೋಡದೆ ಬೀಡಿ ಹಚ್ಚಿಕೊಂಡರು.

ನಾನು ಗಮನಿಸಿದ್ದು ಒಂದು. ರೈತನಿಗೆ ಪುಸ್ತಕದಲ್ಲಿ ವ್ಯಾಪಾರಿಯ ಕಳ್ಳತನ ಮೊದಲು ಕಾಣುತ್ತದೆ. ವ್ಯಾಪಾರಿಗೆ ರೈತನದು. ಮೇಲಿನ ಕಾಲುವೆಯವನಿಗೆ ಸರಕಾರದ್ದು, ಕೆಳಗಿನವನಿಗೆ ಮೇಲಿನವನದು. ಎಲ್ಲರೂ ಪತ್ತೇದಾರರೇ, ಒಬ್ಬನೂ ಆರೋಪಿ ಅಲ್ಲ. ಕೆಸರೂರು ಕೂಡ ಹೀಗೆ ಪತ್ತೇದಾರರೇ ತುಂಬಿದ ಊರು. ಅದಕ್ಕೇ ಅಲ್ಲಿ ಅಪರಾಧಿ ಸಿಗುವುದಿಲ್ಲ.

ಠಾಣೆಯಿಂದ ನಿವೃತ್ತರಾದವರ ಮಾತು

ಕೇಳುಗರಲ್ಲಿ ಕರ್ನಾಟಕದ ಕಡೆ ಪೊಲೀಸು ಕೆಲಸ ಮಾಡಿ ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರಿದ್ದರು. ಅವರಿಂದ ಏನು ಬೈಗುಳ ಬರುತ್ತದೋ ಅಂತ ನನಗೆ ಅಂಜಿಕೆ ಇತ್ತು. ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಸಿನಿಮಾದಲ್ಲಿ ಪೊಲೀಸರು ಕೊನೆಗೆ ಬರುತ್ತಾರೆ, ಕಾದಂಬರಿಯಲ್ಲಿ ಪತ್ತೇದಾರ ಪೊಲೀಸರನ್ನು ದಡ್ಡರನ್ನಾಗಿ ಮಾಡುತ್ತಾನೆ, ಈ ಪುಸ್ತಕದಲ್ಲಿ ಮಾತ್ರ ಅಧಿಕಾರಿ ನಿಜವಾದ ಮನುಷ್ಯನ ಹಾಗೆ ದಣಿಯುತ್ತಾನೆ ಅಂದರು ಅವರು.

ಅವರ ವಿವರಣೆ ಕೇಳುವಂತಿತ್ತು. ಕರ್ನಾಟಕದಲ್ಲಿ ಪತ್ತೆಯಾಗದ ಕೇಸಿಗೆ 'ಸಿ ರಿಪೋರ್ಟ್' ಅಂತ ಹಾಕುತ್ತಾರೆ. ಕೃತ್ಯ ನಡೆದದ್ದು ನಿಜ, ಮಾಡಿದವರು ಸಿಕ್ಕಿಲ್ಲ ಎಂದು ಅದರ ಅರ್ಥ. ದೂರೇ ಸುಳ್ಳಾದರೆ ಅದಕ್ಕೆ 'ಬಿ ರಿಪೋರ್ಟ್'. 'ಈ ತೇಜಸ್ವಿಯವರು ಇಡೀ ಊರಿನ ಮೇಲೆ ಒಂದು ಸಿ ರಿಪೋರ್ಟ್ ಬರೆದಿದ್ದಾರೆ ಕಣಯ್ಯಾ. ಬಿ ರಿಪೋರ್ಟ್ ಅಲ್ಲ ಅನ್ನೋದು ನೆನಪಿಡು' ಅಂದರು. ಎಲ್ಲಾ ಸುಳ್ಳು, ಎಲ್ಲಾ ಮಾಯೆ ಅಂತ ಕೈತೊಳೆಯುವ ಪುಸ್ತಕ ಇದಲ್ಲ, ಅನ್ಯಾಯ ನಡೆದದ್ದು ಖರೆ ಅಂತ ಒಪ್ಪುವ ಪುಸ್ತಕ ಎಂಬುದು ಅವರ ಅಭಿಪ್ರಾಯ. ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಈ ಒಂದು ಮಾತು ನನಗೆ ಹೆಚ್ಚು ಬೆಳಕು ಕೊಟ್ಟಿತು.

ಮೆಣಸಿನಕಾಯಿ ಅರೆಯುವ ನ್ಯಾಯ

ಹೆಂಗಸರು ಕಣದ ಆ ಕಡೆ ಕೂತು ಕೇಳುತ್ತಿದ್ದರು. ಅವರಲ್ಲಿ ಒಬ್ಬರು ಹಿರಿಯಮ್ಮ, ಕನ್ನಡದ ಒಂದಕ್ಷರ ಬಾರದವರು, ಇಡೀ ತನಿಖೆಯನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಆ ಊರಿನಲ್ಲಿ ಮಾಸಾಣಿಯಮ್ಮ ಇಲ್ಲವಾ ಅಂತ ಕೇಳಿದರು.

ಹೊರಗಿನ ಓದುಗರಿಗೆ ಇದನ್ನು ತಿಳಿಸಬೇಕು. ಆನೈಮಲೈಯಲ್ಲಿ ಮಲಗಿರುವ ಭಂಗಿಯಲ್ಲಿ ಮಾಸಾಣಿಯಮ್ಮನ ದೊಡ್ಡ ಮೂರ್ತಿ ಇದೆ. ಅಲ್ಲಿ 'ನೀದಿಕಲ್', ಅಂದರೆ ನ್ಯಾಯದ ಕಲ್ಲು ಅಂತ ಒಂದಿದೆ. ಕಳವಾದವರು, ಮೋಸ ಹೋದವರು ಕೆಂಪು ಮೆಣಸಿನಕಾಯಿ ಅರೆದು ಆ ಕಲ್ಲಿಗೆ ಬಳಿದು ಹರಕೆ ಒಪ್ಪಿಸುತ್ತಾರೆ. ಕದ್ದವನ ಮೈ ಉರಿದು ಅವನು ದಾರಿಗೆ ಬರುತ್ತಾನೆ ಎಂಬ ನಂಬಿಕೆ. ದೂರ ದೂರದ ಊರುಗಳಿಂದ ಜನ ಬರುತ್ತಾರೆ. ಠಾಣೆಗೆ ದೂರು ಕೊಟ್ಟು ಬಂದವರೂ ಇರುತ್ತಾರೆ, ಠಾಣೆಯೇ ಬೇಡ ಅಂತ ನೇರ ಬಂದವರೂ ಇರುತ್ತಾರೆ.

ತೇಜಸ್ವಿಯವರು ವೈಜ್ಞಾನಿಕ ಬುದ್ಧಿಯವರು. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಹಕ್ಕಿ ಹುಳ ನೋಡುತ್ತ, 2007ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಹಾಗೇ ಬದುಕಿದವರು. ಮೆಣಸಿನಕಾಯಿಯ ನ್ಯಾಯವನ್ನು ಅವರು ಒಪ್ಪುತ್ತಿರಲಿಲ್ಲ. ಆದರೆ ಆ ಹಿರಿಯಮ್ಮ ಮುಂದೆ ಹೇಳಿದ್ದನ್ನು ಕೇಳಿದ್ದರೆ ಖಂಡಿತ ಕಿವಿಗೊಡುತ್ತಿದ್ದರು. 'ಮೆಣಸಿನಕಾಯಿ ಅರೆಯೋವಾಗ ಮೊದ್ಲು ಉರಿಯೋದು ಅರೆಯೋಳ ಕೈ ಕಣಪ್ಪಾ' ಅಂದರು ಆಯಮ್ಮ. ಇನ್ನೊಬ್ಬರ ಮೇಲೆ ಶಾಪ ಹಾಕಲು ಕೂತವಳು ತನ್ನ ಕೈಯ ಉರಿಯನ್ನು ತಡೆದುಕೊಂಡೇ ಅರೆಯಬೇಕು.

ಈ ಮಾತು ಬಂದ ಮೇಲೆ ನನಗೆ ಪುಸ್ತಕದ ನಗುವಿನ ಗುಟ್ಟು ಹೊಳೆಯಿತು. ಕೆಸರೂರಿನವರನ್ನು ನೋಡಿ ನಾವು ನಗುತ್ತೇವೆ. ನಗುತ್ತ ನಗುತ್ತ ನಮ್ಮದೇ ಕೈ ಉರಿಯತೊಡಗುತ್ತದೆ. ಪೊಲೀಸು ಹಿಡಿಯಲಾರದವನನ್ನು ನಗು ಹಿಡಿಯುತ್ತದೆ.

ನಗಬಾರದ ಜಾಗ

ಎಲ್ಲರೂ ಈ ನಗುವನ್ನು ಒಪ್ಪಲಿಲ್ಲ ಎಂಬುದನ್ನೂ ದಾಖಲಿಸಬೇಕು. ಕಾದಂಬರಿಯಲ್ಲಿ ಹಿಂದೂ ಮುಸ್ಲಿಮರ ನಡುವೆ ಸಂಶಯ ಹೇಗೆ ಮೊಳೆತು ಹಬ್ಬುತ್ತದೆ ಎಂಬ ಭಾಗ ಬಂದಾಗ ಕಣದಲ್ಲಿ ನಗು ನಿಂತಿತು. 1985ರಲ್ಲಿ ಬರೆದದ್ದು ಅದು. ನಮ್ಮ ಜಿಲ್ಲೆಗೆ ಅದರ ಬೆಂಕಿ ಮುಟ್ಟಿದ್ದು ಆಮೇಲೆ. 1997ರ ಕೊನೆಯ ಗಲಭೆ, ಅದಾದ ಮೇಲೆ 1998ರ ಫೆಬ್ರವರಿ 14ರಂದು ಕೊಯಮತ್ತೂರಿನ ಸರಣಿ ಬಾಂಬ್ ಸ್ಫೋಟ. 58 ಜನ ಸತ್ತರು. ನಲವತ್ತು ದಾಟಿದ ಪ್ರತಿಯೊಬ್ಬರಿಗೂ ಆ ದಿನ ತಾವು ಎಲ್ಲಿದ್ದೆವು ಅಂತ ನೆನಪಿದೆ.

ಕೇಳಲು ಬರುತ್ತಿದ್ದ ಒಬ್ಬ ರಾವುತ್ತರ್ ವ್ಯಾಪಾರಿಗೆ ನಾನು ಕಥೆಯನ್ನು ತಮಿಳಿನಲ್ಲಿ ಹೇಳುತ್ತಿದ್ದೆ. ಸುಲೇಮಾನ್ ಬ್ಯಾರಿಯ ಪಾತ್ರದ ಬಗ್ಗೆ ಅವರಿಗೆ ಬೇಸರವಾಯಿತೇನೋ ಅಂತ ಅವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಟ್ಟರು. ನಗುವನ್ನು ಎಲ್ಲರಿಗೂ ಒಂದೇ ತೂಕದಲ್ಲಿ ಹಂಚಿದರೆ ತನಗೆ ತಕರಾರಿಲ್ಲ, ಈ ಪುಸ್ತಕದಲ್ಲಿ ಗೌಡರನ್ನೂ ಬಿಟ್ಟಿಲ್ಲ, ಬ್ಯಾರಿಯನ್ನೂ ಬಿಟ್ಟಿಲ್ಲ, ಕ್ರಾಂತಿಯ ಹುಡುಗರನ್ನೂ ಬಿಟ್ಟಿಲ್ಲ ಅಂದರು. ಆದರೆ ಓದಿದವರು ತಮಗೆ ಬೇಕಾದ ಪುಟ ಮಾತ್ರ ಹರಿದುಕೊಂಡು ಹೋದರೆ ಆಗ ಅದು ನಗು ಅಲ್ಲ, ಕಲ್ಲು ಅಂದರು. ಈ ಎಚ್ಚರಿಕೆ ಪುಸ್ತಕಕ್ಕಿಂತ ಓದುಗರಿಗೆ ಹೆಚ್ಚು ಸಲ್ಲುತ್ತದೆ.

ಇನ್ನೊಬ್ಬ ಯುವಕನ ಆಕ್ಷೇಪಣೆ ಬೇರೆ ಥರದ್ದು. ಎಲ್ಲರೂ ತಪ್ಪಿತಸ್ಥರು ಅಂದರೆ ಯಾರೂ ತಪ್ಪಿತಸ್ಥರಲ್ಲ ಅಂತಲೇ ಆಗುತ್ತದೆ, ದೊಡ್ಡ ಕಳ್ಳನಿಗೆ ಇದರಿಂದ ಲಾಭ ಅಲ್ಲವೇ ಎಂದ. ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇಷ್ಟು. ಲಂಟಾನವನ್ನು ತಮಿಳಿನಲ್ಲಿ ಉಣ್ಣಿಚೆಡಿ ಅನ್ನುತ್ತಾರೆ. ನಮ್ಮ ಬೆಟ್ಟದ ಬುಡದಲ್ಲೂ ಹೇರಳವಾಗಿದೆ. ಹೊರದೇಶದಿಂದ ಬಂದದ್ದು, ಯಾರೂ ಬಿತ್ತಿದ್ದಲ್ಲ, ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿ ಬೆಳೆದದ್ದು. ಕಿತ್ತುಹಾಕುವ ಕೆಲಸ ಯಾರದ್ದೂ ಅಲ್ಲ ಅಂತ ಎಲ್ಲರೂ ಬಿಟ್ಟದ್ದರಿಂದ ಪೊದೆಯಾಗಿದ್ದು. ಬೆಂಕಿ ಹಚ್ಚಿದ ಕೈ ಒಂದೇ ಇರಬಹುದು, ಅವನಿಗೆ ಶಿಕ್ಷೆ ಆಗಲೇಬೇಕು. ಆದರೆ ಊರು ಉರಿಯುವಷ್ಟು ಪೊದೆ ಬೆಳೆಯಲು ಬಿಟ್ಟವರು ನಾವೆಲ್ಲರೂ. ತೇಜಸ್ವಿಯವರ ತನಿಖೆ ಆ ಎರಡನೆಯ ಅಪರಾಧದ ಬಗ್ಗೆ. ಅದಕ್ಕೆ ಯಾವ ಕಾನೂನಿನಲ್ಲೂ ಕಲಂ ಇಲ್ಲ.

ಪರದೆ ಸರಿಸಿದರೆ

ಕೊನೆಗೆ ಹೆಸರಿನ ಮಾತು. 'ಚಿದಂಬರ ರಹಸ್ಯ' ಎಂಬ ನುಡಿ ಕನ್ನಡದಲ್ಲೂ ತೆಲುಗಿನಲ್ಲೂ ತಮಿಳಿನಲ್ಲೂ ಒಂದೇ. ಬಿಡಿಸಲಾಗದ ಗುಟ್ಟು ಎಂದು ಎಲ್ಲರೂ ಬಳಸುತ್ತೇವೆ. ನಮ್ಮ ಕಡೆಯ ಎಷ್ಟೋ ಜನ ಚಿದಂಬರಕ್ಕೇ ಹೋಗಿ ನೋಡಿದವರು. ಅಲ್ಲಿ ನಟರಾಜನ ಸನ್ನಿಧಿಯಲ್ಲಿ ಪರದೆ ಸರಿಸಿ ರಹಸ್ಯ ತೋರಿಸುತ್ತಾರೆ. ಒಳಗೆ ಮೂರ್ತಿ ಇಲ್ಲ. ಬಂಗಾರದ ಬಿಲ್ವಪತ್ರೆಯ ಸರ, ಅದರ ಹಿಂದೆ ಬಯಲು. ದೇವರು ಆಕಾಶ ರೂಪದಲ್ಲಿದ್ದಾನೆ ಎಂದು ನಂಬಿಕೆ. ನೋಡಿದವರಲ್ಲಿ ಕೆಲವರು ಕೈಮುಗಿಯುತ್ತಾರೆ, ಕೆಲವರು 'ಇಷ್ಟೇನಾ' ಅನ್ನುತ್ತಾರೆ.

ಈ ಕಾದಂಬರಿಯ ಓದುಗರೂ ಹೀಗೆಯೇ ಎರಡು ಪಾಲಾದರು. ಕೊಲೆಗಾರ ಬೇಕೇ ಬೇಕು ಅನ್ನುವವರಿಗೆ ನಾನು ತೇಜಸ್ವಿಯವರದೇ 'ಜುಗಾರಿ ಕ್ರಾಸ್' ಓದಿ ಅಂತ ಹೇಳುತ್ತೇನೆ. 1994ರಲ್ಲಿ ಬಂದ ಆ ಕಾದಂಬರಿಯೂ ಏಲಕ್ಕಿ ಬೆಳೆಗಾರ ದಂಪತಿಗಳಾದ ಸುರೇಶ, ಗೌರಿಯರ ಕಥೆಯೇ. ಒಂದು ದಿನದೊಳಗೆ ನಡೆದು ಮುಗಿಯುವ ಓಟ. ಬೆಳೆ ಮಾರಲು ಪೇಟೆಗೆ ಹೋದ ಯಾವ ರೈತನಿಗೂ ಅದು ಹಿಡಿಸದೆ ಇರದು. 'ಚಿದಂಬರ ರಹಸ್ಯ'ವನ್ನು ಗಿರೀಶ ಕಾರ್ನಾಡರು ದೂರದರ್ಶನಕ್ಕಾಗಿ ತೆರೆಗೂ ತಂದಿದ್ದರು. ಆದರೆ ಪುಸ್ತಕವನ್ನು ಹತ್ತು ಜನರ ನಡುವೆ ಕೂತು ಗಟ್ಟಿಯಾಗಿ ಓದುವ ರುಚಿಯೇ ಬೇರೆ. ಒಬ್ಬನೇ ಓದಿದರೆ ಊರಿನವರ ಮೇಲೆ ನಗುತ್ತೀರಿ. ಊರಿನವರ ಜೊತೆ ಓದಿದರೆ ನಿಮ್ಮ ಮೇಲೂ ನಗಬೇಕಾಗುತ್ತದೆ.

ನಮ್ಮ ಕಣದ ಓದು ಮುಗಿದ ಮೇಲೆ ಕಾಲುವೆಯ ಪೈಪುಗಳೆಲ್ಲ ಮೇಲೆದ್ದವು, ತಕ್ಕಡಿಗಳೆಲ್ಲ ನೆಟ್ಟಗಾದವು ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಆದದ್ದು ಎರಡು ಸಣ್ಣ ಸಂಗತಿ. ಕೊಬ್ಬರಿ ಮಂಡಿಯಲ್ಲಿ ಯಾರಾದರೂ ತಮ್ಮನ್ನು ತಾವೇ ಸತ್ಯಹರಿಶ್ಚಂದ್ರ ಅಂತ ಹೊಗಳಿಕೊಂಡರೆ ಈಗ ಪಕ್ಕದವರು 'ಅಂಗಡಿಯವರನ್ನು ಕರೆಸಲಾ' ಅಂತ ಕೇಳುತ್ತಾರೆ, ಹೊಗಳಿಕೊಂಡವರೂ ನಕ್ಕುಬಿಡುತ್ತಾರೆ. ಎರಡನೆಯದು, ಮೂವರು ಹುಡುಗರು ಕನ್ನಡ ಅಕ್ಷರ ಕಲಿಸಿಕೊಡಿ ಅಂತ ಬಂದಿದ್ದಾರೆ. ಕೊಲೆಗಾರನ ಹೆಸರನ್ನು ನಾನು ಓದುವಾಗ ಬೇಕಂತಲೇ ನುಂಗಿಬಿಟ್ಟೆ ಅಂತ ಅವರಿಗೆ ಅನುಮಾನ. ತಾವೇ ಓದಿ ಪತ್ತೆ ಮಾಡುತ್ತಾರಂತೆ. ಮಾಡಲಿ. ಗಡಿಯ ಈ ಕಡೆ ಆ ಕಡೆ ಇರುವ ಓದುಗರೂ ತಮ್ಮ ಊರಿನ ಕಟ್ಟೆಯ ಮೇಲೆ ಈ ಪುಸ್ತಕವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ, ತಮ್ಮ ತೀರ್ಪು ಏನೆಂದು ಪುರವಣಿಗೆ ಬರೆಯಲಿ.